ತಿಳಿನೀರಿನ ಭ್ರಾಂತಿ

ಮನೆಯ ನಡುಕೋಣೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಮೀನುಗಳನ್ನು ಸಾಕುವವರಿಗೆ ನೀರಿನ ಬಣ್ಣವೇ ಮೊದಲ ಚಿಂತೆ. ಹೊಸದಾಗಿ ತುಂಬಿದ ತೊಟ್ಟಿಯ ನೀರು ಮೂರು ನಾಲ್ಕು ದಿನಗಳಲ್ಲಿ ಅಕ್ಕಚ್ಚಿನಂತೆ ಬೆಳ್ಳಗಾಗುವುದು, ಕಿಟಕಿಯ ಬಿಸಿಲಿಗೆ ಸಿಕ್ಕಿದ ನೀರು ಹಸಿರಾಗುವುದು, ಅಲಂಕಾರಕ್ಕೆಂದು ಇಟ್ಟ ಮರದ ಬೊಡ್ಡೆಯ ಸಾರವಿಳಿದು ಕಾಷಾಯವರ್ಣ ತಳೆಯುವುದು, ತಳದ ಮರಳು ಕಪ್ಪುಗಟ್ಟಿ ಕೊಳೆತ ಮೊಟ್ಟೆಯ ನಾತವನ್ನು ಬೀರುವುದು—ಇವುಗಳಲ್ಲಿ ಯಾವುದೊಂದು ಕಂಡರೂ ಗೃಹಸ್ಥನು ಗಾಬರಿಗೊಂಡು, ತೊಟ್ಟಿಯನ್ನು ಬರಿದುಮಾಡಿ, ಕಲ್ಲುಮರಳುಗಳನ್ನು ಉಜ್ಜಿ ತೊಳೆದು, ನಲ್ಲಿಯ ನೀರನ್ನು ಕಂಠಮಟ್ಟ ತುಂಬಿ, ಈಗ ಎಲ್ಲವೂ ನಿರ್ಮಲವಾಯಿತೆಂದು ತೃಪ್ತಿಪಟ್ಟು ಮೀನುಗಳನ್ನು ಮರಳಿ ಬಿಡುತ್ತಾನೆ. ಒಂದು ವಾರ ಕಳೆಯುವುದರೊಳಗೆ ಆ ನಿರ್ಮಲ ಜಲದಲ್ಲಿಯೇ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲುತ್ತವೆ. ಇದು ಒಬ್ಬ ಗೃಹಸ್ಥನ ಅಜ್ಞಾನವೆಂದು ನಗುವಂತಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡ ನೀರು ಮೀನಿಗೂ ಹಿತವಾದುದೆಂಬ ನಂಬಿಕೆಯನ್ನು ಯೂರೋಪಿನ ವಿದ್ವಾಂಸರೂ ವ್ಯಾಪಾರಿಗಳೂ ಒಂದು ಶತಮಾನಕ್ಕೆ ಕಡಮೆಯಿಲ್ಲದಂತೆ ಪೋಷಿಸಿಕೊಂಡು ಬಂದರು, ಮತ್ತು ಮೀನಿನ ತೊಟ್ಟಿಯ ಚರಿತ್ರೆಯೆಂಬುದು ಬಹುಮಟ್ಟಿಗೆ ಆ ನಂಬಿಕೆ ಸಡಿಲವಾದ ಚರಿತ್ರೆಯೇ ಆಗಿದೆ.

ಈ ವಿದ್ಯೆಯಲ್ಲಿ ಚೀನದವರು ಎಲ್ಲರಿಗಿಂತ ಹಿರಿಯರು. ಸೋಂಗ್ ರಾಜವಂಶದ ಕಾಲದಲ್ಲಿ ಕೊಳಗಳಲ್ಲಿ ಸಾಕುತ್ತಿದ್ದ ಹೊಂಬಣ್ಣದ ಮೀನನ್ನು ಮಿಂಗ್ ಅರಸರ ಕಾಲಕ್ಕೆ ಮನೆಯೊಳಗಿನ ಹಂಡೆಗಳಿಗೆ ತಂದುಕೊಂಡರು. ಕೊಳದಲ್ಲಿ ತಾನಾಗಿ ಕರಗಿಹೋಗುತ್ತಿದ್ದ ಕಲ್ಮಷ ಹಂಡೆಯಲ್ಲಿ ಕರಗದೆ ಉಳಿಯುವುದು ಆಗಲೇ ಅವರ ಗಮನಕ್ಕೆ ಬಂದಿರಬೇಕು. 1596ರಲ್ಲಿ ಝಾಂಗ್ ಚಿಯಾಂದೆ ಎಂಬ ರಸಿಕನು ಸಿಂಧೂರವರ್ಣದ ಮೀನುಗಳನ್ನು ಕುರಿತು ರಚಿಸಿದ ಪುಟ್ಟ ಗ್ರಂಥದಲ್ಲಿ, ನೀರನ್ನು ಬದಲಾಯಿಸಿದ ಒಂದೆರಡು ದಿನಗಳಲ್ಲಿಯೇ ತಳದಲ್ಲಿ ಮಲ ಸಂಚಯವಾಗುವುದನ್ನು ಹೇಳಿ, ಬಿದಿರಿನ ಕೊಳವೆಯೊಂದರಿಂದ ಅದನ್ನು ಆಗಾಗ ಹೀರಿ ತೆಗೆಯಬೇಕೆಂದೂ, ತೆಗೆಯದೆ ಬಿಟ್ಟರೆ ಮೀನಿನ ವರ್ಣ ಕಳೆಗುಂದುವುದೆಂದೂ, ಈ ಕಾರ್ಯವೇ ಸಾಕಣೆಯಲ್ಲಿ ಪ್ರಧಾನವೆಂದೂ ವಿಧಿಸುತ್ತಾನೆ. ಆತನ ಕಾರಣ ಸೌಂದರ್ಯಮೀಮಾಂಸೆಗೆ ಸೇರಿದ್ದು, ರಸಾಯನಶಾಸ್ತ್ರಕ್ಕಲ್ಲ. ಆದರೂ ಕ್ರಮ ನಿರ್ದುಷ್ಟವಾಗಿದೆ. ಇಂದು ಅಂಗಡಿಯಲ್ಲಿ ಕೊಳ್ಳುವ ಪ್ಲಾಸ್ಟಿಕ್ ಸೈಫನ್ ಆ ಬಿದಿರಿನ ಕೊಳವೆಯೇ. ಕಾರಣ ತಪ್ಪಿದರೂ ಕ್ರಮ ಸರಿಯಾಗಿರುವ ಇಂಥ ಪ್ರಸಂಗಗಳು ಈ ಚರಿತ್ರೆಯಲ್ಲಿ ಮುಂದೆಯೂ ಎದುರಾಗುತ್ತವೆ.

ಯೂರೋಪಿಗೆ ಈ ಕುತೂಹಲ ತಡವಾಗಿ ಬಂದಿತು. ಲಂಡನ್ನಿನ ಪ್ರಖ್ಯಾತ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸನು 1665ರಲ್ಲಿ ಗಾಜಿನ ಪಾತ್ರೆಯೊಂದರಲ್ಲಿ ಇರಿಸಿದ್ದ ವಿದೇಶೀಯ ಮೀನುಗಳನ್ನು ಕಂಡು, ಅವು ಹಾಗೆಯೇ ಚಿರಕಾಲ ಬದುಕಬಲ್ಲವೆಂದು ನಂಬಿ ಬರೆದಿಟ್ಟನು. ನೀರನ್ನು ಪ್ರತಿದಿನವೂ ಬದಲಾಯಿಸುವವರಿಗೆ ಮಾತ್ರ ಅದು ಸ್ವಲ್ಪಮಟ್ಟಿಗೆ ಸಾಧ್ಯವಾದೀತು. ಎಡಿನ್‌ಬರೋ ನಗರದ ಸರ್ ಜಾನ್ ಡಾಲ್ಯೆಲ್ ಅಂಥವರಲ್ಲೊಬ್ಬರು. ಅವರು 1828ರಲ್ಲಿ ಕಡಲ ತೀರದ ಬಂಡೆಯಿಂದ ತಂದ ಒಂದು ಸೀ ಅನಿಮೋನ್, ಎಂದರೆ ಹೂವಿನಂತೆ ಅರಳುವ ಸಮುದ್ರಪ್ರಾಣಿ, ನಿತ್ಯವೂ ಹೊಸ ಕಡಲನೀರಿನ ಉಪಚಾರವನ್ನು ಪಡೆದು, 1851ರಲ್ಲಿ ತೀರಿಕೊಂಡ ಯಜಮಾನನನ್ನೂ ಮೀರಿ, ಕೈಯಿಂದ ಕೈಗೆ ದಾಟಿ, ‘ಅಜ್ಜಿ’ಯೆಂದು ಊರಿನವರಿಂದ ಕರೆಸಿಕೊಂಡು, 1887ರವರೆಗೆ ಬದುಕಿತು. ಆದರೆ ನಿತ್ಯ ಸಮುದ್ರದ ನೀರನ್ನು ಹೊರಿಸಿ ತರಿಸುವ ಐಶ್ವರ್ಯ ಎಷ್ಟು ಮಂದಿಗುಂಟು? ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿದ್ದ ಪಾದ್ರಿಪತ್ನಿ ಆ್ಯನಾ ಥಿನ್ 1846ರಲ್ಲಿ ಟಾರ್ಕಿಯಿಂದ ಹವಳದ ಜೀವಿಗಳನ್ನು ತಂದಾಗ ಈ ತೊಡಕಿಗೆ ಒಂದು ಉಪಾಯವನ್ನು ಕಂಡುಕೊಂಡರು: ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಹೊಯ್ದು ಹೊಯ್ದು ಗಾಳಿಯಾಡಿಸುವುದು. ಹೊಯ್ಯುತ್ತಿದ್ದವಳು ಮನೆಯ ಪರಿಚಾರಿಕೆ. ವಿಜ್ಞಾನದ ಇತಿಹಾಸದಲ್ಲಿ ಆಕೆಯ ಹೆಸರಿಲ್ಲ. ಆದರೆ ಇಂದು ಪ್ರತಿಯೊಂದು ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಸದ್ದುಮಾಡುವ ಗಾಳಿಯ ಪಂಪು ಮಾಡುವುದು ಆಕೆಯ ಕೆಲಸವನ್ನೇ ಎಂಬುದನ್ನು ನೆನೆಯುವುದು ನ್ಯಾಯ.

ನೀರನ್ನು ಬದಲಾಯಿಸದೆಯೇ ಜೀವಿಗಳನ್ನು ಉಳಿಸಬಹುದೇ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡವರು ಲಂಡನ್ನಿನ ಔಷಧಕಾರರ ಸಂಘದ ರಸಾಯನಜ್ಞ ರಾಬರ್ಟ್ ವಾರಿಂಗ್‌ಟನ್. ಸಸ್ಯಗಳು ಕೆಟ್ಟ ಗಾಳಿಯನ್ನು ಸರಿಪಡಿಸುವುವೆಂದು ಜೋಸೆಫ್ ಪ್ರೀಸ್ಟ್‌ಲಿಯೂ, ಆ ಕಾರ್ಯ ಬೆಳಕಿದ್ದಾಗ ಮಾತ್ರ ನಡೆಯುವುದೆಂದು 1779ರಲ್ಲಿ ಇಂಗೆನ್‌ಹೌಸನೂ ಹಿಂದೆಯೇ ತೋರಿಸಿದ್ದರಷ್ಟೆ. ವಾರಿಂಗ್‌ಟನ್ನರು ಆ ತತ್ತ್ವವನ್ನು ನೀರಿಗೆ ಅನ್ವಯಿಸಿ, 1849ರಲ್ಲಿ ಸುಮಾರು 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಮರಳು, ಕಲ್ಲುಗಳನ್ನು ಹಾಸಿ, ನಮ್ಮ ನಾಡಿನ ಕೆರೆಗಳಲ್ಲಿಯೂ ಬೆಳೆಯುವ ನೀಳೆಲೆಯ ವ್ಯಾಲಿಸ್ನೇರಿಯ ಗಿಡವನ್ನು ನೆಟ್ಟು, ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನು ಬಿಟ್ಟರು. ಮೊದಲು ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಮುದಿಯೆಲೆಗಳು ಕೊಳೆತು ನೀರು ಕದಡಿತು. ಗಾಜಿನ ಮೈಗೆ ಹಸಿರು ಲೋಳೆ ಹತ್ತಿತು. ಬೇರೊಬ್ಬರಾಗಿದ್ದರೆ ತೊಟ್ಟಿಯನ್ನು ತೊಳೆಯುತ್ತಿದ್ದರು. ವಾರಿಂಗ್‌ಟನ್ನರು ತೊಳೆಯಲಿಲ್ಲ, ನಿಸರ್ಗದ ಕೆರೆಯಲ್ಲಿ ಕೊಳೆತ ಎಲೆಯನ್ನು ತಿನ್ನುವವರಾರೆಂದು ಯೋಚಿಸಿ, ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಹುಳುಗಳು ಲೋಳೆಯನ್ನೂ ಕೊಳೆತ ಎಲೆಯನ್ನೂ ಮೇಯ್ದವು; ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು; ನೀರು ತಿಳಿಯಾಯಿತು. 1850ರ ಮಾರ್ಚಿಯಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಅವರು ಓದಿದ ಪ್ರಬಂಧದಿಂದ, ಸಸ್ಯವು ಮೀನಿಗೆ ಆಮ್ಲಜನಕವನ್ನು ಕೊಟ್ಟು, ಮೀನು ಸಸ್ಯಕ್ಕೆ ಇಂಗಾಲಾಮ್ಲವನ್ನು ಕೊಟ್ಟು, ಬಸವನಹುಳು ಝಾಡಮಾಲಿಯ ಕೆಲಸವನ್ನು ಮಾಡುವ ‘ಸಮತೋಲದ ತೊಟ್ಟಿ’ ಎಂಬ ಭಾವನೆ ಪ್ರಚಾರಕ್ಕೆ ಬಂದಿತು.

ಭಾವನೆ ಮನೋಹರವಾದುದು, ಮನೋಹರವಾದುದರಿಂದಲೇ ಅದು ದೀರ್ಘಕಾಲ ಬಾಳಿತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲುದಾರಿ ಜನರನ್ನು ಕಡಲತೀರಕ್ಕೆ ಒಯ್ಯುತ್ತಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಅದರ ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ವರ್ಣಚಿತ್ರಗಳೊಡನೆ ಹೊರಬಂದಿತು. ಕೆಲವೇ ವರ್ಷಗಳಲ್ಲಿ ಮಧ್ಯಮವರ್ಗದ ಬೈಠಕ್‌ಖಾನೆಗಳಲ್ಲಿ ತೊಟ್ಟಿಯಿಲ್ಲದಿರುವುದೇ ಲೋಪವೆನಿಸಿತು. ಸಮುದ್ರ ದೂರವಿದ್ದವರಿಗಾಗಿ ಗಾಸ್ ಮಹಾಶಯರು ಅಡಿಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳನ್ನು ಬೆರಸಿ ಕೃತಕ ಕಡಲನೀರನ್ನು ಸಿದ್ಧಪಡಿಸುವ ಕ್ರಮವನ್ನೂ ಪ್ರಕಟಿಸಿದರು. ಈ ಮೋಹದ ಫಲವಾಗಿ ಡೆವನ್ ತೀರದ ಬಂಡೆಗೊಳಗಳು ಬರಿದಾದುದನ್ನು ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಎಂಬ ಕೃತಿಯಲ್ಲಿ ವಿಷಾದದಿಂದ ಸ್ಮರಿಸುತ್ತಾನೆ. ತೊಟ್ಟಿಗಳ ಗತಿಯೂ ಅಷ್ಟೇ ಆಯಿತು. ಮೀನುಗಳು ಸತ್ತವು, ಸತ್ತ ಮೀನು ಕೊಳೆತು ನೀರು ನಾರಿತು, ನಾರಿದ ತೊಟ್ಟಿ ಅಟ್ಟವನ್ನು ಸೇರಿತು. 1860ರ ದಶಕ ಮುಗಿಯುವ ಹೊತ್ತಿಗೆ ಆ ಹುಚ್ಚು ಇಳಿದುಹೋಗಿತ್ತು.

ಈ ಸೋಲಿನ ನಡುವೆ ಕಾರಣವನ್ನು ಹುಡುಕುತ್ತ ಕುಳಿತವನು ವಿಲಿಯಂ ಆಲ್‌ಫರ್ಡ್ ಲಾಯ್ಡ್ ಎಂಬ ವ್ಯಾಪಾರಿ. ಪದವಿ ಬಿರುದುಗಳ ಬಲವಿಲ್ಲದ ಈತನು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಮೀಪದಲ್ಲಿ ತೊಟ್ಟಿಗಳನ್ನೂ ಸಮುದ್ರಜೀವಿಗಳನ್ನೂ ಮಾರುವ ಮಳಿಗೆಯನ್ನು ತೆರೆದು, ಹೆಸರು ಗಳಿಸಿ, ಕಡೆಗೆ ದಿವಾಳಿಯಾದನು. ಆದರೆ ಮಾರುವವನಿಗೆ ಕೊಂಡವರ ದೂರುಗಳೆಲ್ಲ ಬಂದು ತಲಪುವುದರಿಂದ, ಯಾವ ವಿದ್ವಾಂಸನಿಗೂ ದೊರೆಯದಷ್ಟು ಕೆಟ್ಟ ತೊಟ್ಟಿಗಳ ಪರಿಚಯ ಅವನಿಗೆ ದೊರೆಯಿತೆಂದು ನಾನು ಭಾವಿಸುತ್ತೇನೆ. ನಾಲ್ಕು ಕಡೆಯಿಂದಲೂ ಬೆಳಕು ಬೀಳುವ ಗಾಜಿನ ಪೆಟ್ಟಿಗೆ ಪಾಚಿಯನ್ನು ಬೆಳೆಸುವ ಯಂತ್ರವೆಂಬುದನ್ನೂ, ನೀರನ್ನು ಹಸಿರಾಗಿಸುವುದು ಕಣ್ಣಿಗೆ ಬಿಡಿಯಾಗಿ ಕಾಣದ ಏಕಕೋಶದ ಪಾಚಿಯಾದುದರಿಂದ ಅದನ್ನು ಸೋಸಿ ಫಲವಿಲ್ಲ, ಬೆಳಕನ್ನು ತಡೆಯಬೇಕೆಂಬುದನ್ನೂ ಅವನು ಅನುಭವದಿಂದ ಅರಿತು, ಬೆಳಕು ಮೇಲಿನಿಂದ ಮಾತ್ರ ಬೀಳುವಂತೆ ತೊಟ್ಟಿಗಳನ್ನು ರಚಿಸಿದನು. ಅದಕ್ಕೂ ಮಿಗಿಲಾಗಿ, ಪ್ರದರ್ಶನದ ತೊಟ್ಟಿಗಳಿಗಿಂತ ಎಷ್ಟೋ ಪಾಲು ದೊಡ್ಡದಾದ ಜಲಾಶಯವೊಂದನ್ನು ನೆಲದಡಿಯ ಕತ್ತಲೆಯಲ್ಲಿ ಕಟ್ಟಿ, ನೀರು ಎಡೆಬಿಡದೆ ಅಲ್ಲಿಂದ ಮೇಲೇರಿ, ತೊಟ್ಟಿಯಿಂದ ತೊಟ್ಟಿಗೆ ಹರಿದು, ಗಾಳಿಯನ್ನು ಕುಡಿದು, ಮರಳಿ ಕತ್ತಲೆಗಿಳಿಯುವಂತೆ ಮಾಡಿದನು. 1864ರಲ್ಲಿ ಹ್ಯಾಂಬರ್ಗಿನಲ್ಲಿಯೂ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿಯೂ ಅವನ ಕೈಯಲ್ಲಿ ತೆರೆದ ಮತ್ಸ್ಯಾಲಯಗಳು ಈ ತತ್ತ್ವದ ಮೇಲೆ ನಡೆದವು. 1874ರಲ್ಲಿ ನೇಪಲ್ಸಿನಲ್ಲಿ ಆಂಟನ್ ಡೋರ್ನ್ ತೆರೆದ ಪ್ರಸಿದ್ಧ ಸಾಗರಸಂಶೋಧನಾಲಯದ ಜಲವ್ಯವಸ್ಥೆಗೂ ಅವನ ಸಲಹೆ ಸಂದಿತು. ಸಾರ್ವಜನಿಕ ಮತ್ಸ್ಯಾಲಯ ನಮ್ಮ ದೇಶಕ್ಕೆ ಬಂದುದು 1909ರಲ್ಲಿ, ಮದರಾಸಿನ ಮರೀನಾ ತೀರದಲ್ಲಿ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಯಿತು.

ಲಾಯ್ಡನ ಕತ್ತಲೆಯ ಜಲಾಶಯದಲ್ಲಿ ಪಾಚಿ ಸಾಯುತ್ತದೆಂಬುದು ಸರಿ. ಆದರೆ ಮೀನುಗಳು ಏಕೆ ಬದುಕಿದವು? ನೀರಿನ ಗಾತ್ರ ದೊಡ್ಡದು, ಗಾಳಿ ಚೆನ್ನಾಗಿ ಬೆರೆಯಿತು ಎಂಬ ಉತ್ತರ ಅರ್ಧಸತ್ಯ ಮಾತ್ರ. ಇನ್ನರ್ಧ ಬೇರೊಂದು ದಿಕ್ಕಿನಿಂದ, ಮೀನಿನ ಗಂಧವೂ ಇಲ್ಲದ ಚರಂಡಿಯ ಪರೀಕ್ಷೆಯಿಂದ ಬಂದಿತು. 1877ರಲ್ಲಿ ಫ್ರಾನ್ಸಿನ ಶ್ಲೋಯ್‌ಸಿಂಗ್ ಮತ್ತು ಮುಂಟ್ಸ್ ಎಂಬ ರಸಾಯನಜ್ಞರು ಮರಳೂ ಸುಣ್ಣಕಲ್ಲಿನ ಪುಡಿಯೂ ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. 20 ದಿನಗಳವರೆಗೆ ಒಳಹೋದ ಅಮೋನಿಯಾ ಹಾಗೆಯೇ ಹೊರಬಂದಿತು. ಅನಂತರ ಅದು ಮಾಯವಾಗುತ್ತ ಬಂದು ಅದರ ಸ್ಥಾನದಲ್ಲಿ ನೈಟ್ರೇಟು ಕಾಣಿಸಿಕೊಂಡಿತು. ಕೊಳವೆಯೊಳಗೆ ಕ್ಲೋರೋಫಾರಮ್ಮಿನ ಆವಿಯನ್ನು ಹಾಯಿಸಿದೊಡನೆ ಆ ಪರಿವರ್ತನೆ ನಿಂತಿತು. ತೋಟದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಸೇರಿಸಿದ ಮೇಲೆ ಮತ್ತೆ ಮೊದಲಾಯಿತು. ಪ್ರಜ್ಞೆ ತಪ್ಪಿಸುವ ಔಷಧದಿಂದ ನಿಲ್ಲುವ ಕ್ರಿಯೆ ಜೀವಂತವಾದುದೇ ಆಗಿರಬೇಕು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನ ವ್ಯವಸಾಯ ಸಂಶೋಧನಾಕೇಂದ್ರದಲ್ಲಿ ಈ ಸುಳಿವನ್ನು ಹಿಡಿದು ವರ್ಷಗಟ್ಟಲೆ ದುಡಿದವರು ಎರಡನೆಯ ರಾಬರ್ಟ್ ವಾರಿಂಗ್‌ಟನ್, ಎಂದರೆ ನಮ್ಮ ಬಸವನಹುಳುಗಳ ವಾರಿಂಗ್‌ಟನ್ನರ ಮಗ. ತಂದೆ ಆ ಎರಡು ಮೀನುಗಳನ್ನು ತೊಟ್ಟಿಗೆ ಬಿಟ್ಟಾಗ ಹತ್ತು ಹನ್ನೊಂದು ವರ್ಷದ ಬಾಲಕನಾಗಿದ್ದ ಈತನು, ಅಮೋನಿಯಾ ಮೊದಲು ನೈಟ್ರೈಟಾಗಿಯೂ ಆಮೇಲೆ ನೈಟ್ರೇಟಾಗಿಯೂ ಎರಡು ಹಂತಗಳಲ್ಲಿ ಮಾರ್ಪಡುವುದನ್ನೂ, ಒಂದೊಂದು ಹಂತಕ್ಕೂ ಬೇರೆಬೇರೆ ಸೂಕ್ಷ್ಮಜೀವಿಗಳು ಬೇಕೆಂಬುದನ್ನೂ ತೋರಿಸಿದನು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವ ಕೀರ್ತಿ ಮಾತ್ರ ಅವನಿಗೆ ದಕ್ಕದೆ, 1890ರಲ್ಲಿ ಜ್ಯೂರಿಕ್ಕಿನಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಗೆ ದೊರೆಯಿತು. ಮಗನ ಲಕ್ಷ್ಯವೆಲ್ಲ ಹೊಲದ ಮಣ್ಣಿನ ಮೇಲೆ. ತಂದೆಯ ತೊಟ್ಟಿಯ ಒಗಟನ್ನು ತಾನು ಬಿಡಿಸುತ್ತಿರುವೆನೆಂಬ ಭಾವ ಅವನಿಗಿದ್ದಂತೆ ತೋರುವುದಿಲ್ಲ. ತಂದೆಯಾದರೋ 1867ರಲ್ಲಿಯೇ ತೀರಿಕೊಂಡಿದ್ದರು.

ಆದರೂ ಬಿಡಿಸಿದ್ದು ಅದನ್ನೇ. ಮೀನು ತನ್ನ ದೇಹದ ಕಲ್ಮಷವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅದನ್ನೇ ಕೊಡುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಅದು ಕಿವಿರನ್ನು ಸುಡುತ್ತದೆ. ಕ್ಷಾರಗುಣದ ನೀರಿನಲ್ಲಿ ಅದರ ಉಗ್ರತೆ ಹೆಚ್ಚು. ಅದರಿಂದಾಗುವ ನೈಟ್ರೈಟಿಗೂ ಬಣ್ಣವಿಲ್ಲ. ಅದು ರಕ್ತವನ್ನು ಸೇರಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸಿ, ಕಿವಿರುಗಳನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಮರಳಿನ ಕಣಕಣಕ್ಕೂ ಕಲ್ಲಿನ ಮೈಗೂ ಹತ್ತಿಕೊಂಡ ಆ ಸೂಕ್ಷ್ಮಜೀವಿಗಳ ಪದರವೊಂದೇ ಈ ಎರಡು ವಿಷಗಳನ್ನೂ ಹೆಚ್ಚು ಅಪಾಯವಿಲ್ಲದ ನೈಟ್ರೇಟಾಗಿ ಮಾಡಬಲ್ಲುದು, ಮತ್ತು ಅದು ಬೇರೂರುವುದಕ್ಕೆ ಮೂರರಿಂದ ಆರು ವಾರಗಳು ಬೇಕು. ಹಿರಿಯ ವಾರಿಂಗ್‌ಟನ್ನರು ತೊಟ್ಟಿಯನ್ನು ತೊಳೆಯದೆ ಬಿಟ್ಟುದು, ಲಾಯ್ಡನ ನೀರು ಕತ್ತಲೆಯ ಕಲ್ಲುಗೋಡೆಗಳನ್ನು ಸವರಿ ಹರಿದುದು, ಎರಡೂ ಈ ಅದೃಶ್ಯ ಸೇವಕರಿಗೆ ನೆಲೆಯನ್ನೊದಗಿಸಿದ್ದವು. ತೊಳೆದು ತಿಕ್ಕುವ ಗೃಹಸ್ಥನು ಬಣ್ಣವನ್ನು ಓಡಿಸುವ ಭರದಲ್ಲಿ ಅವರನ್ನೇ ಮನೆಯಿಂದ ಹೊರಗಟ್ಟುತ್ತಾನೆ. ಅವನನ್ನು ಹೆದರಿಸಿದ ಬಿಳಿಯ ಮಬ್ಬು ಹೊಸ ನೀರಿನಲ್ಲಿ ಕ್ಷಿಪ್ರವಾಗಿ ಹೆಚ್ಚಿದ ಬೇರೆ ಬ್ಯಾಕ್ಟೀರಿಯಗಳದು. ಆಹಾರವನ್ನು ಕಡಮೆಮಾಡಿ ಗಾಳಿಯಾಡಿಸಿದರೆ ತಾನಾಗಿ ಇಳಿಯುತ್ತದೆ. ಹಸಿರುನೀರಿನಲ್ಲಿ ಹಗಲು ಮೀನಿಗೆ ಬಾಧೆಯಿಲ್ಲ. ಮರದ ಬೊಡ್ಡೆಯ ಕಾಷಾಯವಂತೂ ಅಮೆಜಾನಿನ ಉಪನದಿಗಳಲ್ಲಿ ಹುಟ್ಟಿದ ಮೀನುಗಳಿಗೆ ತವರಿನ ನೀರು. ನಾಲ್ಕು ಬಣ್ಣಗಳಲ್ಲಿ ನಿಜವಾಗಿ ಭಯಪಡತಕ್ಕದ್ದು ಕಪ್ಪುಮರಳಿನ ದುರ್ಗಂಧ ಒಂದಕ್ಕೇ.

ರೋಗಗಳ ಅರಿವೂ ಇದೇ ಕಾಲದಲ್ಲಿ ಹುಟ್ಟಿತು. ಮೀನಿನ ಮೈಮೇಲೆ ಉಪ್ಪಿನ ಹರಳುಗಳನ್ನು ಚೆಲ್ಲಿದ ಹಾಗೆ ಕಾಣುವ ಬಿಳಿಚುಕ್ಕೆ ರೋಗದ ಕಾರಣವಾದ ಏಕಕೋಶಜೀವಿಗೆ 1876ರಲ್ಲಿ ಫೂಕೆ ಎಂಬ ಫ್ರೆಂಚ್ ವಿದ್ವಾಂಸನು ಇಕ್ತಿಯೋಫ್ತಿರಿಯಸ್ ಎಂಬ ನಾಲಗೆ ತೊಡರುವ ಹೆಸರನ್ನಿಟ್ಟನು. ಈ ಪರೋಪಜೀವಿ ಚರ್ಮದೊಳಗೆ ಹುದುಗಿ ಬೆಳೆದು, ಕಳಚಿ ತಳಕ್ಕೆ ಬಿದ್ದು, ಕೋಶವನ್ನು ಕಟ್ಟಿಕೊಂಡು, ಅದರೊಳಗೆ ನೂರಾರು ಮರಿಗಳಾಗಿ ಒಡೆದು, ಹೊಸ ಮೀನನ್ನು ಅರಸುತ್ತ ನೀರಿನಲ್ಲಿ ಈಜುತ್ತದೆ; ಔಷಧ ನಾಟುವುದು ಈಜುವ ಆ ಅಲ್ಪಾವಧಿಯಲ್ಲಿ ಮಾತ್ರ. ಚುಕ್ಕೆ ಮಾಯವಾಯಿತೆಂದು ಔಷಧವನ್ನು ನಿಲ್ಲಿಸಿದವರ ತೊಟ್ಟಿಯಲ್ಲಿ ರೋಗ ಹಿಂದಿಗಿಂತಲೂ ಉಗ್ರವಾಗಿ ಮರುಕಳಿಸುವ ರಹಸ್ಯ ಇದೇ. ಕಾಕತಾಳೀಯವೆಂಬಂತೆ ಅದೇ 1876ರಲ್ಲಿ ಜರ್ಮನಿಯ ಹೈನ್‌ರಿಚ್ ಕಾರೊ ಬಟ್ಟೆಗೆ ಬಣ್ಣವೆಂದು ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು ತಯಾರಿಸಿದನು. ಅದು ಕಾಲಕ್ರಮದಲ್ಲಿ ಮೀನುಸಾಕುವವರ ಔಷಧಿಪೆಟ್ಟಿಗೆಯನ್ನು ಸೇರಿತು. ಆದರೆ ಆ ನೀಲಿ ಪರೋಪಜೀವಿಯನ್ನು ಕೊಲ್ಲುವಂತೆಯೇ ಮರಳಿನ ಸೇವಕರನ್ನೂ ಕೊಲ್ಲುತ್ತದೆಯಾದುದರಿಂದ, ರೋಗಿಯನ್ನು ಬೇರೊಂದು ಪಾತ್ರೆಯಲ್ಲಿರಿಸಿಯೇ ಚಿಕಿತ್ಸೆಮಾಡತಕ್ಕದ್ದು. ಒಂದು ಮೀನಿನ ಮೈಮೇಲೆ ಗುರುತು ಕಂಡರೆ ರೋಗವನ್ನೂ, ಎಲ್ಲ ಮೀನುಗಳೂ ಒಂದೇ ಮುಂಜಾವದಲ್ಲಿ ಮೇಲ್ಮೈಗೆ ಬಂದು ಬಾಯಿ ತೆರೆದರೆ ನೀರನ್ನೂ ಶಂಕಿಸಬೇಕೆಂಬ ವಿವೇಕ ಬಲಿಯುವ ಮುನ್ನ ಎಷ್ಟು ತೊಟ್ಟಿಗಳಲ್ಲಿ ವ್ಯರ್ಥವಾಗಿ ಔಷಧ ಸುರಿಯಲ್ಪಟ್ಟಿತೋ!

ಇಪ್ಪತ್ತನೆಯ ಶತಮಾನ ತಿಳಿನೀರಿಗೆ ಇನ್ನೊಂದು ವಿಷವನ್ನು ಕೂಡಿಸಿತು. 1908ರಲ್ಲಿ ಅಮೆರಿಕದ ಜರ್ಸಿ ನಗರದ ಕುಡಿಯುವ ನೀರಿಗೆ ಕ್ಲೋರಿನ್ ಬೆರಸುವ ಪದ್ಧತಿ ಬಂದು, ಕ್ರಮೇಣ ಲೋಕದ ನಗರಗಳೆಲ್ಲ ಅದನ್ನು ಅನುಸರಿಸಿದವು. ಮನುಷ್ಯರನ್ನು ಸಾಂಕ್ರಾಮಿಕಗಳಿಂದ ಉಳಿಸಿದ ಆ ಅಂಶವೇ ಮೀನಿನ ಕಿವಿರಿಗೂ ಮರಳಿನ ಬ್ಯಾಕ್ಟೀರಿಯಗಳಿಗೂ ಮಾರಕ. ಹಿಂದಿನ ದಿನವೇ ನೀರನ್ನು ಹಿಡಿದು ಬಾಯಗಲವಾದ ಪಾತ್ರೆಯಲ್ಲಿ ತೆರೆದಿಡುವ ಅಭ್ಯಾಸ ಹುಟ್ಟಿದ್ದು ಹೀಗೆ. ಬೆಂಗಳೂರಿನಂಥ ಊರಿನಲ್ಲಿ ಒಂದು ಮನೆಗೆ ನಲ್ಲಿಯ ನೀರು, ಪಕ್ಕದ ಮನೆಗೆ ಕೊಳವೆಬಾವಿಯ ಗಡುಸುನೀರು ಬರುವುದರಿಂದ, ನೆರೆಯವರ ತೊಟ್ಟಿಯಲ್ಲಿ ನಲಿಯುತ್ತಿದ್ದ ಮೀನು ನಮ್ಮಲ್ಲಿಗೆ ಬಂದ ದಿನವೇ ಮುದುಡಿ ಮೂಲೆಸೇರುವುದಕ್ಕೆ ದೃಷ್ಟಿದೋಷವನ್ನು ಕಾರಣಮಾಡಬೇಕಾದುದಿಲ್ಲ.

ಸಮತೋಲದ ತೊಟ್ಟಿಯ ಕನಸಿಗೆ ಬಹಿರಂಗವಾಗಿ ಸವಾಲೆಸೆದವರು ನ್ಯೂಯಾರ್ಕಿನ ಜೇಮ್ಸ್ ಆಟ್ಸ್. ಸಸ್ಯಗಳು ರಾತ್ರಿ ಮೀನುಗಳಂತೆಯೇ ಆಮ್ಲಜನಕವನ್ನು ಬಳಸುವುವೆಂದೂ, ತೊಟ್ಟಿಯ ನಿಜವಾದ ಉಸಿರಾಟ ನಡೆಯುವುದು ಗಾಳಿಯೂ ನೀರೂ ಸಂಧಿಸುವ ಮೇಲ್ಮೈಯಲ್ಲೆಂದೂ, ಪ್ರಾಣಿ ಸಸ್ಯಗಳ ಕೊಡುಕೊಳ್ಳುವಿಕೆ ತೂಗಿ ಸಮವಾಗುವುದೆಂಬುದು ಪುರಾಣವೆಂದೂ ಅವರು 1949ರಲ್ಲಿ ಬರೆದರು. ವಾರಿಂಗ್‌ಟನ್ನರ ಪ್ರಬಂಧಕ್ಕೂ ಈ ಲೇಖನಕ್ಕೂ ನಡುವೆ ಬಹುಮಟ್ಟಿಗೆ ಒಂದು ನೂರು ವರ್ಷ! ಮಗ ವಾರಿಂಗ್‌ಟನ್ನನ ಹೊಲದ ಶಾಸ್ತ್ರವು ತೊಟ್ಟಿಯ ಶಾಸ್ತ್ರವಾಗುವುದಕ್ಕೆ ಇನ್ನೂ ತಡವಾಯಿತು. ಸ್ಟೀಫನ್ ಸ್ಪಾಟ್ ಎಂಬಾತನು ಮುಚ್ಚಿದ ಜಲವ್ಯವಸ್ಥೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ಸಾಕಣೆಗಾರರಿಗಾಗಿ ಅಚ್ಚುಕಟ್ಟಾಗಿ ನಿರೂಪಿಸಿದ್ದು 1970ರಲ್ಲಿ. ಗಾಜಿನ ಪೆಟ್ಟಿಗೆಯನ್ನೂ ಮೀನನ್ನೂ ಒಂದೇ ದಿನ ಕಟ್ಟಿಕೊಡುವ ಅಂಗಡಿಗಳಿಗೆ ಆ ಸುದ್ದಿ ಇನ್ನೂ ಪೂರ್ತಿಯಾಗಿ ತಲಪಿದಂತಿಲ್ಲ.

ಬಣ್ಣವಿಲ್ಲದ ವಿಷವನ್ನು ಕಾಣುವ ಉಪಾಯವಾದರೋ ಬಹಳ ಹಿಂದೆಯೇ ಸಿದ್ಧವಾಗಿತ್ತು. ಇಂಗ್ಲೆಂಡಿನ ಮದ್ಯದ ಕಾರ್ಖಾನೆಯೊಂದರಲ್ಲಿ ರಸಾಯನಜ್ಞನಾಗಿದ್ದ ಪೀಟರ್ ಗ್ರೀಸ್ ಎಂಬ ಜರ್ಮನನು 1879ರಲ್ಲಿ, ನೈಟ್ರೈಟು ಲೇಶಮಾತ್ರವಿದ್ದರೂ ನೀರನ್ನು ಕೆಂಪಾಗಿಸುವ ಪರೀಕ್ಷಾದ್ರವವನ್ನು ಪ್ರಕಟಿಸಿದನು. ಇಂದು ಮೀನಿನ ಅಂಗಡಿಯಲ್ಲಿ ದೊರೆಯುವ ಪರೀಕ್ಷಾಪೆಟ್ಟಿಗೆಯ ನೈಟ್ರೈಟು ಸೀಸೆಯಲ್ಲಿರುವುದು ಬಹುಮಟ್ಟಿಗೆ ಅದೇ ಕ್ರಿಯೆ. ಕೊಳವೆಯಲ್ಲಿ ತೊಟ್ಟಿಯ ನೀರನ್ನು ತೆಗೆದುಕೊಂಡು ಕೆಲವು ಹನಿಗಳನ್ನು ಬಿಟ್ಟಾಗ ಗುಲಾಬಿಬಣ್ಣ ಕಂಡರೆ, ಎರಡು ದಿನ ಆಹಾರವನ್ನು ನಿಲ್ಲಿಸಿ, ತೆರೆದಿಟ್ಟ ನೀರಿನಿಂದ ಮೂರನೆಯ ಒಂದು ಪಾಲನ್ನು ಬದಲಾಯಿಸಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಒಮ್ಮೆ ಅದ್ದಿ ಹಿಂಡಿ ಮತ್ತೆ ಅದರ ಸ್ಥಾನದಲ್ಲಿಡಬೇಕು.